ಇಪ್ಪತ್ತು

ಉಮ್ಮನ್ನಾಕಿನಲ್ಲಿ ಸೂರ್ಯ ಕಂಡು ಆರು ವಾರ.
ಕಾಲುಚೀಲ ಕಳಚಿ ಮಗಳ ಮುಂದೆ ಚಾಚಿದೆ.
ನಮ್ಮ ಲೆಕ್ಕವೇ ಹಾಗೆ: ಒಂದು ಕೈ, ಇನ್ನೊಂದು ಕೈ,
ಆಮೇಲೆ ಪಾದಕ್ಕಿಳಿಯಬೇಕು;
ಇಪ್ಪತ್ತೆಂದರೆ ‘ಒಬ್ಬ ಮನುಷ್ಯ ಮುಗಿದ’.

ಅವಿಯಾಯ ಮುಟ್ಟಿ ಮುಟ್ಟಿ ಎಣಿಸಿ
ಹತ್ತೊಂಬತ್ತಕ್ಕೆ ನಿಂತಳು.
ಹಾಲಿಬಟ್ ಮೀನಿಗೆ ಹೋದಾಗ ಚಳಿ ತಿಂದ ಕಿರುಬೆರಳು.
“ಅಪ್ಪ, ನೀನಿನ್ನೂ ಮುಗಿದಿಲ್ಲ.”

ಸರಿ, ಡೇನಿಷ್ ಪುಸ್ತಕ ತೆಗಿ ಅಂದೆ. ಶಾಲೆಗೆ ಅದೂ ಬೇಕಲ್ಲ.
ಅಲ್ಲಿ ಇಪ್ಪತ್ತು, ‘ತ್ಯೂವ’.
ಕಳ್ಳರು ಅಂತ ಬರೆದರೂ ಅದೇ ನಾಲ್ಕಕ್ಷರ.

ಅವಳು ಪುಸ್ತಕ ನೋಡಿದಳು, ನನ್ನ ಪಾದ ನೋಡಿದಳು.
“ಹಾಗಾದರೆ ಅವರೇ.”

ತಪ್ಪು ಎನ್ನಲು ಬಾಯಿ ಬರಲಿಲ್ಲ.
ಬಿಡು, ಕಳೆಯುವ ಲೆಕ್ಕ ನಾಳೆ ಅಂದೆ.
ಆಗಲೇ ತನ್ನ ಕಿರುಬೆರಳನ್ನು
ನನ್ನ ಖಾಲಿಗೆ ಒತ್ತಿ ಕೂತಿದ್ದಳು,
ಕಡ ಕೊಡುವವಳ ಗತ್ತಿನಲ್ಲಿ.