ಬಾವುಟದವಳು

ಊಟದ ಮೇಜಿನ ಮೇಲೆ ನಕ್ಷೆ ಹಾಸಿದ ದಿನದಿಂದ
ನಾವು ಕಿಟಕಿಯ ಅಂಚಿನಲ್ಲಿ ತಟ್ಟೆ ಇಟ್ಟು ಉಣ್ಣುತ್ತಿದ್ದೇವೆ.
ನಕ್ಷೆಯ ಮೇಲೆ ಮೇಣದ ಕಾಗದ,
ಅದರ ಮೇಲೆ ಗುಂಡುಸೂಜಿ, ಅಂಟು, ಪಕ್ಕೆಲುಬು.
ಒಂದೊಂದು ರೆಕ್ಕೆಗೂ ಇಪ್ಪತ್ತೆರಡು.
ಎಣಿಸಬೇಡ ಅನ್ನುತ್ತಾನೆ ಇಮಾಂತ್ಸ್,
ಎಣಿಸಿದ್ದು ಮುಗಿಯುವುದಿಲ್ಲ.

ಮೂವತ್ತೊಂದು ವರ್ಷ ವಾಲ್ಮಿಯೆರಾದಾಚೆಯ ಪ್ಲೈವುಡ್ ಕಾರ್ಖಾನೆಯಲ್ಲಿ
ಬರ್ಚ್ ದಿಮ್ಮಿಗಳನ್ನು ಸೇಬಿನ ಹಾಗೆ ಸುಲಿದವನು.
ಎಡಗೈಯ ಎರಡು ಬೆರಳ ತುದಿ ಅಲ್ಲೇ ಬಿಟ್ಟುಬಂದ.
ಮಿಕ್ಕ ಬೆರಳಲ್ಲಿ ತೆಳುಹಲಗೆಯನ್ನು ದೀಪಕ್ಕೆ ಹಿಡಿದು
ಎಳೆ ನೋಡುತ್ತಾನೆ,
ಮೊಟ್ಟೆಯೊಳಗೆ ಮರಿ ಇದೆಯೇ ಎಂದು ನೋಡುವಂತೆ.

ಬಾಲ್ಸಾ ದುಬಾರಿ, ರೆಕ್ಕೆಯ ತುದಿಗೆ ಮಾತ್ರ.
ತೊಲೆಗೆ ನಮ್ಮ ಮಂಚದ ಪೈನ್ ಪಟ್ಟಿ.
ಕೇಳದೆಯೇ ಬಿಚ್ಚಿದ.
ಅಂದಿನಿಂದ ಹಾಸಿಗೆ ನೆಲದ ಮೇಲೆ.
ಎಂಜಿನ್ಮರ ಕೊಯ್ಯುವ ಗರಗಸದ್ದು. ಅದಕ್ಕೆ ಹೇಳುತ್ತಾನೆ:
ಉರುಳಿಸಿದ್ದು ಸಾಕು, ಇನ್ನು ಹೊತ್ತು ತಿರುಗು.

ಒಮ್ಮೆ ಕೇಳಿಯೇಬಿಟ್ಟೆ.
ಬೇರೆ ವಿಮಾನ ಸಿಗಲಿಲ್ಲವೇ?
ಒಂದರ ಮೇಲೊಂದು ರೆಕ್ಕೆಯ, ದಪ್ಪ ಮೂಗಿನ
ಈ ಆಂತೊನೊವೇ ಬೇಕಿತ್ತೇ?

ಹತ್ತೊಂಬತ್ತರ ಪ್ರಾಯದಲ್ಲಿ ನಾನು
ಸಾಮೂಹಿಕ ಹೊಲದ ಕೊನೆಯಲ್ಲಿ ಬಾವುಟ ಹಿಡಿದು ನಿಲ್ಲುವವಳು.
ಇಲ್ಲಿಂದ ಸುರಿ ಎಂದು ಪೈಲಟ್ಟಿಗೆ ತೋರುವ ಗೂಟ.
ನನ್ನ ನೆತ್ತಿಗೆ ಬಂದಾಗ ತೊಟ್ಟಿಯ ಬಾಯಿ ತೆರೆಯುತ್ತಿತ್ತು.
ಮೂವತ್ತು ಹೆಜ್ಜೆ ಪಕ್ಕಕ್ಕೆ. ಮತ್ತೆ ಬಾವುಟ.
ಅದಕ್ಕೆ ಔಷಧಿ ಎನ್ನುತ್ತಿದ್ದೆವು.
ಅಗಸೆಗೆ ಔಷಧಿ, ಆಲೂಗಡ್ಡೆಗೆ ಔಷಧಿ,
ಕಾಯಿಲೆ ಯಾರಿಗಿತ್ತೋ.
ಸಂಜೆ ತಲೆ ಬಾಚಿದರೆ ಬಾಚಣಿಗೆ ಬೆಳ್ಳಗೆ.
ಆದರೂ ನಿಜ ಹೇಳಬೇಕು,
ಆ ಸದ್ದು ದೂರದಲ್ಲಿ ಹುಟ್ಟಿದರೆ ನನ್ನ ಎದೆ ಅರಳುತ್ತಿತ್ತು.
ಪೈಲಟ್ ರೆಕ್ಕೆ ವಾಲಿಸಿ ಹೋಗುತ್ತಿದ್ದ, ನನಗೊಬ್ಬಳಿಗೇ.
ಮದುವೆಗೆ ಮೊದಲೇ ಇದನ್ನು ಇಮಾಂತ್ಸನಿಗೆ ಹೇಳಿದ್ದೆ.
ಕೆಮ್ಮಿನ ವಿಷಯ ಹೇಳಬೇಕಾಗಲಿಲ್ಲ,
ಪಕ್ಕದಲ್ಲಿ ಮಲಗಿ ಅವನೇ ಕೇಳಿಸಿಕೊಂಡ.

ಅವನು ಮಾತಾಡಲಿಲ್ಲ. ನಕ್ಷೆ ತೋರಿಸಿದ.
ಹೊಟ್ಟೆಯಲ್ಲಿ ತೊಟ್ಟಿ ಇರಬೇಕಾದ ಚೌಕವನ್ನು
ಬಡಗಿಯ ಪೆನ್ಸಿಲಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ,
ಹೊಡೆದುಹಾಕಿದ್ದ.

ಆಮೇಲೆ ಬಟ್ಟೆ ಹೊದಿಸಿದವಳು ನಾನೇ.
ಬಾಗಿದ ಸೂಜಿ, ಪಕ್ಕೆಲುಬಿಗೆ ಏಳೇಳು ಗಂಟು.
ಡೋಪ್ ಬಳಿಯುವ ವಾರ ಮಾತ್ರ
ನನ್ನನ್ನು ತಂಗಿಯ ಮನೆಗೆ ಅಟ್ಟಿದ, ಜಗಳವಾಡಿ.

ಎಲ್ಲ ಅಳೆದವನು ಮೆಟ್ಟಿಲ ತಿರುವು ಅಳೆದಿರಲಿಲ್ಲ.
ಮೇಲಿನ ರೆಕ್ಕೆ ಮೂರೂವರೆ ಮೀಟರ್, ಒಂದೇ ತುಂಡು.
ಮೂರನೇ ಮಹಡಿಯ ಬಾಲ್ಕನಿಯಿಂದ
ಹಾಸಿಗೆಯ ಬಟ್ಟೆ ಕಟ್ಟಿ ಇಳಿಸಿದೆವು.
ಬೀದಿಯೆಲ್ಲ ಕತ್ತೆತ್ತಿ ಬುದ್ಧಿ ಹೇಳಿತು.
ಕೆಳಗೆ ಪೇರ್ಸ್ಲಾ, ನೆರೆಮನೆಯ ಹುಡುಗಿ,
ಎರಡೂ ಕೈ ಚಾಚಿ ನಿಂತಿದ್ದಳು.
ಹಾರಿಸುವವಳೂ ಅವಳೇ.
ಇಮಾಂತ್ಸನ ಹೆಬ್ಬೆರಳು ಈಗೀಗ ಅವನ ಮಾತು ಕೇಳುವುದಿಲ್ಲ.

ಹುಲ್ಲು ಕೊಯ್ದ ಬಯಲು. ಬಾಲ ಭಾರ ಎಂದು
ಮೂಗಿನೊಳಗೆ ಮೀನುಗಾಳದ ಸೀಸದ ಗುಂಡು ತುರುಕಿದರು.
ಗರಗಸ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು.
ಯಾರೂ ಹೇಳದಿದ್ದರೂ ನಾನು ನಡೆದೆ,
ಬಯಲಿನ ಆ ತುದಿಗೆ,
ಮಿಕ್ಕ ಬಟ್ಟೆಯ ತುಂಡನ್ನು ಕುಂಟೆಯ ಹಿಡಿಗೆ ಕಟ್ಟಿಕೊಂಡು.

ಎತ್ತಿದೆ.
ಅದು ಬಂತು, ನೇರ ನನ್ನ ಮೇಲೆಯೇ,
ಮಂಚದ ಪಟ್ಟಿ, ಬರ್ಚ್, ನನ್ನ ಗಂಟುಗಳು,
ಬಿಸಿಲು ತೂರಿ ಒಳಗಿನ ಎಲುಬೆಲ್ಲ ಕಾಣುತ್ತ.
ಬಾಯಿ ತಾನಾಗಿ ಮುಚ್ಚಿಕೊಂಡಿತು,
ಕೈ ತಾನಾಗಿ ತಲೆವಸ್ತ್ರವನ್ನು ಮೂಗಿಗೆಳೆಯಿತು.
ಐವತ್ತು ವರ್ಷವಾದರೂ ಮೈ ಮರೆತಿಲ್ಲ.

ಏನೂ ಸುರಿಯಲಿಲ್ಲ.
ಅಲ್ಲ, ಒಂದು ಹನಿ ಎಂಜಿನ್ ಎಣ್ಣೆ,
ಬಿಳಿ ತೋಳಿನ ಮೇಲೆ.

ಇಳಿಯುವಾಗ ಎಡಚಕ್ರ ಮುರಿಯಿತು. ಪೇರ್ಸ್ಲಾ ಅತ್ತಳು.
ಇಮಾಂತ್ಸ್ ಓಡಿ ಬಂದ, ಚಕ್ರದ ಬಳಿಗಲ್ಲ.
ಈ ಕಲೆ ಹೋಗುವುದಿಲ್ಲ ಎಂದು
ಅವನನ್ನು ಬಸ್ ನಿಲ್ದಾಣದವರೆಗೂ ಬೈದೆ.