ವಿಳಾಸದಾರರು ಸಿಗಲಿಲ್ಲ

ಹೊಸಂಗಡಿ ಗೇಟು ಬಿದ್ದಿತ್ತು. ರೈಲು ದಾಟುವ ತನಕ
ಹೊರಗೆ ಬೈಕುಗಳ ಗುರುಗುರು.
ಒಳಗೆ, ನನ್ನ ಡಿಟಿಪಿ ಅಂಗಡಿಯ ಸ್ಟೂಲಿನಲ್ಲಿ ಕುಂಞಂಬು ಮಣಿಯಾಣಿ,
ತೊಡೆಯ ಮೇಲೆ ಮಡಚಿದ ಪ್ಲಾಸ್ಟಿಕ್ ಚೀಲ.

'ನೀನೇ ಟೈಪು ಮಾಡಿದ್ದು ಹಿಲ್ಡಾ, ಪಿಂಚಣಿ ಅರ್ಜಿ.
ಆ ವರ್ಷ ಕಾಲುಸಂಕ ಮುರಿದಿತ್ತಲ್ಲ, ಆಗ.'
ಹುಡುಕಿದೆ. ಭೂತಗನ್ನಡಿ ಸುಮ್ಮನೆ ನೋಡಿತು.
ಏನೂ ಸಿಗಲಿಲ್ಲ ಅಂದಿತು,
ಹದಿನಾರು ವರ್ಷದ ಮದುವೆ ಕಾಗದ, ಉತ್ತರಕ್ರಿಯೆ, ಜಾತಿ ಸರ್ಟಿಫಿಕೇಟು
ಎಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡೇ.

'ಹೋಯ್ತಾ?'
ಹೋಗಿಲ್ಲ. ಸರ್ವಿಸುಗಳ ಉದ್ದ ಪಟ್ಟಿ ತೆರೆದೆ;
ಕೆಳಗೆಲ್ಲೋ ಹುಡುಕುವವನ ಹೆಸರಿನ ಮುಂದೆ ಖಾಲಿ ಜಾಗ.
ನಿಂತಿದ್ದಾನೆ. ಯಾವಾಗಿಂದಲೋ.
ಸ್ಟಾರ್ಟ್ ಒತ್ತಿದೆ. ಎದ್ದ, ಮತ್ತೆ ಬಿದ್ದ.
ಹಳೆಯ ಸೂಚಿಗೆ ಹುಳ ಹಿಡಿದಿತ್ತು; ಅಳಿಸಿ,
ಮೊದಲಿಂದ ಕಟ್ಟು ಅಂದೆ.

ಇವರಿಗೆ ಹೇಗೆ ಹೇಳಲಿ? ಹೇಳುವ ಮೊದಲೇ ಅವರು:
'ನನಗೂ ಒಮ್ಮೆ ಟೈಫಾಯ್ಡು ಬಂದಿತ್ತು. ಹನ್ನೊಂದು ದಿನ.
ಬದಲಿಗೆ ಬಂದ ಹುಡುಗ ಪಾಲಕ್ಕಾಡಿನವ.
ಮೇಲಿನಮನೆ ಯಾವುದು, ಕೆಳಗಿನಮನೆ ಯಾವುದು,
ಮೂರು ಐಸಮ್ಮರಲ್ಲಿ ಮನಿಯಾರ್ಡರಿನ ಐಸಮ್ಮ ಯಾರು?
ಚೀಲ ತುಂಬ ವಾಪಸು: ವಿಳಾಸದಾರರು ಸಿಗಲಿಲ್ಲ.
ಎಲ್ಲರೂ ಮನೆಯಲ್ಲೇ ಇದ್ದರು ಮಾರಾಯ್ತಿ.
ಮಜ್ಜಿಗೆ ಕಡೆಯುತ್ತಾ ಇದ್ದರು.'

ಸಂಖ್ಯೆ ಏರತೊಡಗಿತು. ನೂರ ಹತ್ತು. ನೂರ ಹನ್ನೆರಡು.
ನೀವು ಕೆಲಸ ಮಾಡುತ್ತಿರುವುದರಿಂದ ವೇಗ ತಗ್ಗಿಸಿದೆ, ಅಂತ ಒಂದು ಸಾಲು.
ಮೌಸಿನಿಂದ ಕೈ ತೆಗೆದೆ.
ಅವರೂ ಏಕೋ ಕೈ ಕಟ್ಟಿ ಕೂತರು.
ಗೇಟು ಮತ್ತೆರಡು ಸಲ ಬಿತ್ತು. ಒಂದು ಚಹಾ.

ಮೂರು ಗಂಟೆಗೆ ಅವರ ಹೆಸರು ಹೊಡೆದೆ. ಹಳೆಯ ಫಾಂಟಿನದು,
ಪೆಟ್ಟಿಗೆಯಲ್ಲಿ ಕಂಡದ್ದು ಬರೀ ಗೀಚು, ಕೊಕ್ಕೆ, ಆಶ್ಚರ್ಯಚಿಹ್ನೆ;
ಯಂತ್ರಕ್ಕೆ ಅದೇ ಕನ್ನಡ.
ನಲವತ್ತೊಂದು ಕಡತ.

ಅರ್ಜಿ ಒಂದು. ಮಿಕ್ಕವುಗಳಲ್ಲಿ
ಯಾರದೋ ಬಾಡಿಗೆ ಕರಾರು, ಯಾರದೋ ಹೆಸರು ತಿದ್ದುಪಡಿ,
ಐಸಮ್ಮನ ಅಫಿಡವಿಟ್ಟು.
ಕೊನೆಯ ಸಾಲಿನಲ್ಲಿ, ಎಡಕ್ಕೆ,
ಸಾಕ್ಷಿ: ಕುಂಞಂಬು ಮಣಿಯಾಣಿ, ನಿವೃತ್ತ ಪೋಸ್ಟ್‌ಮ್ಯಾನ್.

ಕನ್ನಡಕ ಏರಿಸಿ ಒಂದೊಂದೇ ಓದಿಸಿಕೊಂಡರು.
'ಇವಳು ಈಗ ಕುಂಜತ್ತೂರಿನಲ್ಲಿ. ಇವ ಇಲ್ಲ.
ಇವರ ಮನೆಗೆ ಮೆಟ್ಟಿಲು ಮೂವತ್ತೆರಡು.'

ಅರ್ಜಿ ಪ್ರಿಂಟು ತೆಗೆದು ಕೊಟ್ಟೆ. ಹತ್ತು ರೂಪಾಯಿ ಅಂದೆ.
ಚೀಲ ಬಿಚ್ಚಿದರು, ಮಡಚಿದರು, ಎದ್ದು ಬಾಗಿಲ ತನಕ ಹೋಗಿ ತಿರುಗಿದರು.
'ಆ ಐಸಮ್ಮನದ್ದು ಇನ್ನೊಮ್ಮೆ ತೆಗಿ.
ಪಿನ್ ಕೋಡ್ ತಪ್ಪಿದೆ.'