ಕೊಸರು

ಬೆಳಗಿನ ಜಾವ ನಾಲ್ಕೂವರೆ. ಸಾಲಗಾಮೆ ರಸ್ತೆಯ ಮೇಲೆ
ಮಂಡಿಯೂರಿ ಕೂತಿದ್ದೇವೆ ನಾನೂ ಇಮ್ತಿಯಾಜನೂ.
ನಡುವೆ ಬಿಗಿದ ಉಕ್ಕಿನ ಟೇಪು.
ಅವನ ಕಡೆ ಕೊಕ್ಕೆ ತಕ್ಕಡಿ, ಐದು ಕೆ.ಜಿ. ಎಳೆತ,
ನನ್ನ ಕಡೆ ಥರ್ಮಾಮೀಟರು. ಹದಿನಾಲ್ಕು ಡಿಗ್ರಿ.
ಚಳಿಗೆ ಉಕ್ಕೂ ಮುದುಡುತ್ತದೆ,
ಮುನ್ನೂರು ಮೀಟರಿಗೆ ಒಂದು ಬೆರಳಗಲ.
ಅದನ್ನೂ ಬರೆದುಕೊಂಡೆ.

ಹಾಲಿನ ವ್ಯಾನಿನವನು ಗಾಜು ಇಳಿಸಿದ:
"ರೋಡ್ ಅಗಲ ಮಾಡ್ತಾರಾ ಸಾರ್? ನಮ್ಮ ಕಾಂಪೌಂಡ್ ಹೋಗುತ್ತಾ?"
ಇಲ್ಲಪ್ಪಾ, ಓಟಕ್ಕೆ. ಹತ್ತು ಕಿಲೋಮೀಟರು
ಹತ್ತೇ ಇದೆಯಾ ಅಂತ.
ಅವನು ನಕ್ಕಿದ್ದು ಕತ್ತಲಲ್ಲೂ ಕಂಡಿತು.

ಆ ಮುನ್ನೂರನ್ನು ನಾಲ್ಕು ಸಲ ತುಳಿದು
ಸೈಕಲ್ಲಿನ ಮುಂದಿನ ಚಕ್ರಕ್ಕೆ ಕಟ್ಟಿದ ಎಣಿಕೆ ಯಂತ್ರಕ್ಕೆ
ಮೀಟರ್ ಅಂದರೆ ಏನೆಂದು ಕಲಿಸಿದೆ.
ಹಲ್ಲಿ ಲೊಚಗುಟ್ಟಿದರೆ ಸತ್ಯ ಅನ್ನುತ್ತಿದ್ದಳು ಅಮ್ಮ.
ಇದು ಕಿಲೋಮೀಟರಿಗೆ ಹನ್ನೊಂದು ಸಾವಿರ ಸಲ
ಲೊಚಗುಟ್ಟುತ್ತದೆ.

ಆಮೇಲೆ ಊರು.
ಓಡುವವನ ಆಸೆಯಷ್ಟೇ ನೇರ ಹೋಗಬೇಕು ನಾನು:
ತಿರುವಿನಲ್ಲಿ ಅಂಚುಗಲ್ಲಿಗೆ ಒಂದಡಿ ಬಿಟ್ಟು,
ಈ ಮಗ್ಗುಲಿಂದ ಆ ಮಗ್ಗುಲಿಗೆ ದಾರ ಎಳೆದ ಹಾಗೆ ಓರೆ,
ಎದುರಿನ ಬಸ್ಸಿಗೆ ಎದೆ ಕೊಟ್ಟು.
ಹಿಂದೆ ಬೈಕಿನಲ್ಲಿ ಹೋಂಗಾರ್ಡ್ ನಿಂಗಾಚಾರಿ
ಸೀಟಿ ಊದುತ್ತಾ, ನನ್ನ ಪರವಾಗಿ ಬೈಸಿಕೊಳ್ಳುತ್ತಾ.
ಎನ್.ಆರ್. ಸರ್ಕಲ್ಲಿನಲ್ಲಿ ಮಲಗಿದ್ದ ಹೋರಿ ಏಳಲಿಲ್ಲ.
ಚಕ್ರ ಉರುಳದಂತೆ ಬ್ರೇಕ್ ಹಿಡಿದು
ಸೈಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಬಾಲ ದಾಟಿ
ಮತ್ತೆ ಎತ್ತಿ ಗೆರೆಗೆ ತಂದೆ.
ನಿಂಗಾಚಾರಿ ಹೋರಿಗೆ ಕೈಮುಗಿದ, ನನಗಲ್ಲ.

ಮಹಾರಾಜ ಪಾರ್ಕಿನ ಗೇಟಲ್ಲಿ ಹೂವಿನ ಸಣ್ಣಮ್ಮ
ಮೊಳಕೈಯಿಂದ ಬೆರಳ ತುದಿಗೆ ಕಾಕಡ ಅಳೆದು
ನಾಲ್ಕು ಮೊಗ್ಗು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು.
ನಮ್ಮ ಶಾಸ್ತ್ರದಲ್ಲೂ ಇದೆ, ತಾಯಿ:
ಸಾವಿರ ಮೀಟರಿಗೆ ಒಂದು ಮೀಟರ್ ಕೊಸರು.
ತುಸು ಉದ್ದವಾದರೆ ಒಂದಿಷ್ಟು ಬೆವರು.
ಗಿಡ್ಡವಾದರೆ
ಓಡಿದವರೆಲ್ಲ ಸುಳ್ಳಾಗುತ್ತಾರೆ.

ಹಳೆಯ ಗೆರೆ ಸ್ಟೇಡಿಯಂ ರಸ್ತೆಯ ಬೇಕರಿ ಮುಂದಿನ ಕಂಬ.
ಅಲ್ಲಿ ನಿಂತು ಎರಡು ಸಲ ಕೂಡಿದೆ, ಇಮ್ತಿಯಾಜ ಒಂದು ಸಲ.
ನೂರ ನಲವತ್ತಮೂರು ಮೀಟರ್ ಕಡಿಮೆ. ಕೊಸರು ಬೇರೆ.
ತೊಂಬತ್ತಾರರಲ್ಲಿ ನಗರಸಭೆಯ ಜೀಪಿನಲ್ಲಿ ಅಳೆದಿದ್ದರಂತೆ.
ಜೀಪು ತಿರುವನ್ನು ಬಳಸುತ್ತದೆ, ಕಾಲು ತಿರುವನ್ನು ಕಡಿಯುತ್ತದೆ.
ಆ ವರ್ಷವೇ ಶೆಟ್ಟಿಹಳ್ಳಿಯ ಫಿಲೋಮಿನಾ
ಮೂವತ್ತೈದು ನಿಮಿಷ, ಐವತ್ತೊಂದು ಸೆಕೆಂಡು.
ಇವತ್ತಿನ ತನಕ ಅದರ ಹತ್ತಿರ ಯಾರೂ ಸುಳಿದಿಲ್ಲ.

ಹೇಳದೆ ಇರಬಹುದಿತ್ತು.
ಡೈರಿಯ ರಾತ್ರಿ ಪಾಳಿ ಮುಗಿಸಿ ಅವಳೇ ಬಂದಳು,
ಪ್ಯಾಕಿಂಗ್ ಟೊಪ್ಪಿ ಇನ್ನೂ ತಲೆಯ ಮೇಲೆ.
"ಅಳೀತಿದೀರಂತೆ?"
ಹೇಳಿದೆ.
ಅವಳು ಬೆರಳ ಗೆಣ್ಣು ಮುಟ್ಟುತ್ತಾ ಲೆಕ್ಕ ಹಾಕಿದಳು.
"ಅವತ್ತಿನ ಜೋರಲ್ಲಿ ಇನ್ನೊಂದು ಮೂವತ್ತು ಸೆಕೆಂಡು."
ಸ್ವಲ್ಪ ತಡೆದು, "ಮೂವತ್ತೊಂದು ಅನ್ನಿ.
ಕೊನೇಲಿ ನಂಗೆ ಮೀನಖಂಡ ಹಿಡ್ಕೊಂಡಿತ್ತು."

ಬೇಕರಿಯವನು ಷಟರ್ ಎತ್ತಿದ. ಬನ್ನಿನ ಬಿಸಿ ವಾಸನೆ.
"ಇಲ್ಲೂ ಒಂದು ಮೊಳೆ ಹೊಡೀರಿ."
ಪ್ರಮಾಣಪತ್ರದಲ್ಲಿ ಇದಕ್ಕೆ ಕಾಲಂ ಇಲ್ಲವಲ್ಲ.
"ಪತ್ರಕ್ಕೆ ಅಂತ ಯಾರು ಹೇಳಿದ್ರು?"
ನಾನು ನಿಯಮ ಹುಡುಕುತ್ತಿರುವಾಗಲೇ
ಇಮ್ತಿಯಾಜ ಸುತ್ತಿಗೆ ತಂದ.
ವಾಷರ್ ಹಾಕಿ, ಮೂರೇಟು, ಟಾರಿನ ಮಟ್ಟಕ್ಕೆ.

ಬಿಸಿಲೇರಿದರೆ ಟೈರು ಉಬ್ಬುತ್ತದೆ,
ಹೋಗಿ ಆ ಮುನ್ನೂರನ್ನು ಮತ್ತೆ ನಾಲ್ಕು ಸಲ ತುಳಿಯಬೇಕು,
ನನ್ನ ಸೈಕಲ್ಲು ಬೆಳಿಗ್ಗೆ ಹೇಳಿದ್ದನ್ನೇ ಹೇಳುತ್ತಿದೆಯಾ ಎಂದು.
ಹೊರಡುವಾಗ ತಿರುಗಿ ನೋಡಿದೆ:
ಫಿಲೋಮಿನಾ, ಕೈಯಲ್ಲಿ ಟಿಫನ್ ಬಾಕ್ಸು,
ಕಂಬದಿಂದ ಹೊಸ ಗೆರೆಯ ಕಡೆಗೆ ನಡೆಯುತ್ತಿದ್ದಳು,
ಸ್ವಲ್ಪ ಬೇಗಬೇಗ.
ಅವಳ ಬಸ್ ಸ್ಟಾಪು ಈ ಕಡೆ.